ಟೀ ಕುಡಿಯಲು ಇಳಿದ ಡ್ರೈವರ್

ಮೊನ್ನೆ ಚಿಂತಾಮಣಿಯಲ್ಲಿ ಒಂದು ಮದುವೆಗೆಂದು ಬಾಡಿಗೆ ಕಾರಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತೆವು. ಕಿಟಕಿಯ ಗಾಜು ಇಳಿಸಿದ್ದೇ ತಡ, ಪೆಟ್ರೋಲಿನ ವಾಸನೆ ಒಳಗೆ ನುಗ್ಗಿತು. ನಿಮಗೆ ಅದರಿಂದ ಏನು ನೆನಪಾಗುತ್ತದೋ ಕಾಣೆ, ನನಗಂತೂ ರೇಷ್ಮೆಗೂಡು ಬೇಯುವ ವಾಸನೆ ನೆನಪಾಗುತ್ತದೆ. ಎಲ್ಲಿಂದೆಲ್ಲಿಗೆ ಸಂಬಂಧ ಎನ್ನಬೇಡಿ, ಹೇಳುತ್ತೇನೆ.

ಶಿಡ್ಲಘಟ್ಟದ ಹೈಸ್ಕೂಲಿಗೆ ನಾನು ಇಂಗ್ಲಿಷ್ ಟೀಚರಾಗಿ ಸೇರಿದ್ದ ಹೊಸತು. ಬಿ.ಎ.ಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಬಂದಿತ್ತಾದ್ದರಿಂದ ಮೂಗು ಸ್ವಲ್ಪ ಮೇಲೇ ಇತ್ತು. ಪಕ್ಕದ ಮನೆ ಜೈಬುನ್ ಆಪಾ ಅವರದು. ಹಿತ್ತಲ ಶೆಡ್ಡಿನಲ್ಲಿ ಬೆಳಗಿನಿಂದ ಬಿಸಿನೀರಿಗೆ ಗೂಡು ಹಾಕಿ ನೂಲು ಬಿಚ್ಚುತ್ತಿದ್ದರು. ಆ ವಾಸನೆಗೆ ಮೊದಲ ವಾರ ನನಗೆ ಊಟ ಸೇರಲಿಲ್ಲ. ಆಮೇಲೆ ರಜೆಗೆ ಗೌರಿಬಿದನೂರಿಗೆ, ಅಮ್ಮನ ಮನೆಗೆ ಹೋದರೆ ಅದಿಲ್ಲದೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಆಪಾ ಗಂಡ ರಹಮತ್ ಕುವೈತಿನಲ್ಲಿ ಎಣ್ಣೆ ಕಂಪನಿಯ ಸಾಹೇಬರೊಬ್ಬರ ಕಾರಿಗೆ ಡ್ರೈವರು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಆಪಾ ಉತ್ತರವನ್ನು ಉರ್ದುವಿನಲ್ಲಿ ತಾವೇ ಬರೆದು, ಇಂಗ್ಲಿಷಿನಲ್ಲಿ ವಿಳಾಸ ಬರೆಸಲು ಮಾತ್ರ ನನ್ನ ಬಳಿ ಬರುತ್ತಿದ್ದರು. "ಚೆನ್ನಾಗಿ ದುಂಡಗೆ ಬರೀರಿ ಟೀಚರಮ್ಮ. ಅಕ್ಷರ ನೋಡಿ ಬೇಗ ತಲುಪಿಸ್ತಾರೆ."

ಆಮೇಲೆ ಕುವೈತಿಗೆ ಪಕ್ಕದ ದೇಶದ ಸೈನ್ಯ ನುಗ್ಗಿತು. ಕಾಗದ ನಿಂತೇಹೋಯಿತು. ಇಲ್ಲಿ ಸೀಮೆಎಣ್ಣೆಗೆ ಕ್ಯೂ ಬೆಳೆಯಿತು. ಅಷ್ಟು ದೂರದ ಬಾವಿಗಳ ಜಗಳಕ್ಕೆ ನನ್ನ ಸ್ಟವ್ ಯಾಕೆ ಆರಬೇಕು ಎಂದು ನಾನು ದಿನವೂ ಗೊಣಗುತ್ತಿದ್ದೆ. ಕ್ಯೂನಲ್ಲಿ ನನ್ನ ಮುಂದೆಯೇ ಆಪಾ ನಿಂತಿರುತ್ತಿದ್ದರು. ಅವರ ಗಂಡ ಬದುಕಿದ್ದಾರೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಅವರ ಮುಂದೆ ಸ್ಟವ್ವಿನ ಮಾತಾಡಿದೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಮಧ್ಯಾಹ್ನ ಆಪಾ ಬಂದು ಕರೆದರು. ಕ್ಯಾಸೆಟ್ ಅಂಗಡಿಯವನು ಎಣ್ಣೆ ದೇಶದ ಇಂಗ್ಲಿಷ್ ಪಿಕ್ಚರ್ ಬಂದಿದೆ, ಅಲ್ಲಿ ನಡೆಯುವುದನ್ನೆಲ್ಲ ತೋರಿಸಿದ್ದಾರೆ ಎಂದಿದ್ದನಂತೆ. ಟಿವಿ, ವಿಸಿಆರ್ ಎರಡನ್ನೂ ಬಾಡಿಗೆಗೆ ತಂದಿದ್ದರು. "ಅವರಿರೋ ಊರು ಹೆಂಗಿದೆ ಅಂತ ಒಂದ್ಸಲ ನೋಡ್ಬಿಡ್ತೀನಿ. ನೀವು ಪಕ್ಕದಲ್ಲಿ ಕೂತು ಹೇಳಿ."

ಹೆಮ್ಮೆಯಿಂದ ಹೋಗಿ ಕೂತೆ. ಪಿಕ್ಚರಿನ ಹೆಸರು ಮರೆತಿದ್ದೇನೆ. ಎಣ್ಣೆಬಾವಿ ಯಾರ ಕೈಗೆ ಹೋಗಬೇಕು ಎಂದು ಸೂಟು ಹಾಕಿದವರು ದೊಡ್ಡ ಹೋಟೆಲುಗಳಲ್ಲಿ ಪಿಸುಗುಟ್ಟುತ್ತಲೇ ಇದ್ದರು. ಹಲ್ಲು ಬಿಡದೆ ಆಡುವ ಆ ಇಂಗ್ಲಿಷಿನಲ್ಲಿ ಅರ್ಧದಷ್ಟೂ ನನಗೆ ತಿಳಿಯಲಿಲ್ಲ. ಹಾಗೆಂದು ಒಪ್ಪಿಕೊಳ್ಳುವುದುಂಟೆ? "ಇವನು ಮಂತ್ರಿ, ಅವನು ಕಂಪನಿಯವನು, ಇಬ್ಬರೂ ಕಳ್ಳರು" ಎಂದು ಮುಗಿಸಿಬಿಡುತ್ತಿದ್ದೆ.

ಆಪಾಗೆ ಅದು ಬೇಕಿರಲಿಲ್ಲ. "ಮಂತ್ರಿಗೆ ಕಾರ್ ಬಾಗಿಲು ತೆಗೆದ್ನಲ್ಲ, ಅವನ್ಯಾರು?"

"ಡ್ರೈವರು."

"ನಮ್ ಕಡೆಯವನ ತರಾ ಇದಾನೆ."

ನಿಜ. ಕಪ್ಪಗೆ, ಸಣ್ಣಗೆ, ಮೀಸೆ ಇದ್ದವನು, ತಲೆಗೊಂದು ಟೋಪಿ. ಅವನಿಗೆ ಒಂದು ಮಾತೂ ಇರಲಿಲ್ಲ. ಅಲ್ಲಿಂದ ಮುಂದೆ ಆಪಾ ನೋಡಿದ್ದು ಅವನೊಬ್ಬನನ್ನೇ. ಮಂತ್ರಿಗಳು ಊಟಕ್ಕೆ ಕೂತರೆ, "ಅವನು ಉಂಡ್ನಾ?" ಎಂದು ಕೇಳಿದರು. ನಾನು ಗಮನಿಸಿಯೇ ಇರಲಿಲ್ಲ.

ಕೊನೆಕೊನೆಗೆ ಯಾರೋ ಮಂತ್ರಿಯ ಕಾರಿನಡಿ ಬಾಂಬು ಇಟ್ಟರು. ಡ್ರೈವರು ಕಾರನ್ನು ಹೋಟೆಲಿನ ಬಾಗಿಲಿಗೆ ತರಲೆಂದು ಕೀಲಿ ತಿರುಗಿಸಿದ. ಮಂತ್ರಿ ಇನ್ನೂ ಮೆಟ್ಟಿಲ ಮೇಲಿದ್ದ. ಕಾರು ಸಿಡಿಯಿತು. ಹೊಗೆ ಸರಿದ ಮೇಲೆ ರಸ್ತೆಯಲ್ಲಿ ಆ ಟೋಪಿಯೊಂದೇ ಬಿದ್ದಿತ್ತು.

ಆಪಾ ನನ್ನ ಮುಂಗೈ ಹಿಡಿದುಕೊಂಡರು. ಬಿಸಿನೀರಿನಲ್ಲಿ ನೆನೆನೆನೆದು ಸುಕ್ಕಾಗಿದ್ದ ಬೆರಳುಗಳು. "ಡ್ರೈವರು?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಅವನು ಆಗ್ಲೇ ಇಳಿದ್ನಲ್ಲ ಆಪಾ. ಟೀ ಕುಡಿಯೋಕೆ ಹೋದ. ಇಂಗ್ಲಿಷಲ್ಲಿ ಹೇಳಿದ್ರು."

"ಹೌದಾ?"

"ಹೂಂ."

ಅವರು ಕೈ ಬಿಟ್ಟರು. ಸರಿ ಎಂದು ಎದ್ದು ಟಿವಿ ಆರಿಸಿದರು. ನನ್ನ ಇಂಗ್ಲಿಷ್ ಕೊನೆಗೂ ಒಬ್ಬರ ಉಪಯೋಗಕ್ಕೆ ಬಂತಲ್ಲ ಎಂದು ಎಷ್ಟೋ ದಿನ ಬೀಗಿದೆ.

ಮೂರು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಬೀದಿಯಲ್ಲಿ ಗದ್ದಲವಾಯಿತು. ಹೊರಗೆ ಬಂದರೆ ರಹಮತ್ ನಿಂತಿದ್ದರು. ಮೈಮೇಲೆ ಯಾರದೋ ದೊಗಲೆ ಶರ್ಟು, ಮುಖ ಗುರುತೇ ಸಿಗದಷ್ಟು ಕಂದಿತ್ತು. ಲಾರಿಯಲ್ಲಿ ಮರಳುಗಾಡು ದಾಟಿ, ಎಷ್ಟೋ ದಿನ ಡೇರೆಯಲ್ಲಿ ಬಿದ್ದುಕೊಂಡಿದ್ದು, ಸರ್ಕಾರ ಕಳಿಸಿದ ವಿಮಾನದಲ್ಲಿ ಬೊಂಬಾಯಿಗೆ ಬಂದು ಇಳಿದರಂತೆ.

ಸಂಜೆ ಆಪಾ ಒಂದು ತಟ್ಟೆ ಸಿಹಿ ಹಿಡಿದು ನನ್ನ ಬಾಗಿಲಿಗೆ ಬಂದರು.

"ತಗೊಳ್ಳಿ ಟೀಚರಮ್ಮ. ನಿಮ್ ಡ್ರೈವರು ಟೀ ಕುಡ್ಕೊಂಡು ವಾಪಸ್ ಬಂದ್ರು."

ನನಗೆ ತಲೆ ಎತ್ತಲಾಗಲಿಲ್ಲ. "ನಿಮಗೆ ಆವತ್ತೇ ಗೊತ್ತಾಗಿತ್ತಾ ಆಪಾ?"

"ಇಂಗ್ಲಿಷ್ ಬರಲ್ಲ ಕಣಮ್ಮ, ಕಣ್ಣಿದಾವಲ್ಲ. ಆದ್ರೂ ನೀವು ಹೇಳಿದ್ದನ್ನೇ ಹಿಡ್ಕೊಂಡು ಇಷ್ಟು ದಿನ ನಿದ್ದೆ ಮಾಡ್ದೆ." ತಟ್ಟೆಯನ್ನು ನನ್ನ ಕೈಗಿಟ್ಟು, "ಗುರುವಾರ ಮುರುಗಮಲ್ಲದ ದರ್ಗಾಕ್ಕೆ ಹೋಗ್ತೀವಿ, ನೀವೂ ಬರಬೇಕು" ಎಂದರು. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಗುರುವಾರ ಶಾಲೆಗೆ ರಜೆ ಹಾಕಿ ಅವರೊಡನೆ ಬಸ್ಸು ಹತ್ತಿದೆ.

ಆ ಪಿಕ್ಚರಿನಲ್ಲಿ ಕೊನೆಗೆ ಬಾವಿ ಯಾರ ಪಾಲಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬಂಕಿನವನು ಪೆಟ್ರೋಲ್ ಹಾಕಿ ಮುಗಿಸಿದ. ಮುಂದಿನ ಸೀಟಿನಲ್ಲಿ ನನ್ನ ಡ್ರೈವರು ಸ್ಟಿಯರಿಂಗ್ ಹಿಡಿದು ಕೂತಿದ್ದ. ಬೆಳಗಿನಿಂದ ಅವನಿಗೆ ಏಸಿ ಹೆಚ್ಚು ಮಾಡು, ಕಡಿಮೆ ಮಾಡು ಎಂದಿದ್ದು ಬಿಟ್ಟರೆ ನಾನು ಮಾತೇ ಆಡಿಸಿರಲಿಲ್ಲ. ಹೆಸರು, ಊರು ಕೇಳಿದೆ. ನಾಗರಾಜನಂತೆ, ಸಾದಲಿ ಕಡೆಯವನು. ಬಂಕಿನ ಪಕ್ಕದಲ್ಲೊಂದು ಟೀ ಅಂಗಡಿ ಇತ್ತು.

"ಕಾರು ಅಲ್ಲಿ ಪಕ್ಕಕ್ಕೆ ಹಾಕಪ್ಪ ನಾಗರಾಜ. ಟೀ ಕುಡಿಯೋಣ."

"ಪರ್ವಾಲೇದಮ್ಮ, ನೀವು ಕುಡ್ದು ಬನ್ನಿ. ನಾನು ಗಾಡೀಲೇ ಇರ್ತೀನಿ."

"ಬೇಡ. ನೀನು ಇಳಿ."

ದನಿ ಸ್ವಲ್ಪ ಜೋರಾಯಿತೋ ಏನೋ, ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಕಾರು ಪಕ್ಕಕ್ಕೆ ಹಾಕಿ ಇಳಿದ. ಅವನು ಅಂಗಡಿ ಮುಟ್ಟಿ, ಕೈಗೆ ಟೀ ಲೋಟ ತೆಗೆದುಕೊಳ್ಳುವವರೆಗೂ ನಾನು ಕಾರಿನಲ್ಲೇ ಕೂತು ನೋಡುತ್ತಿದ್ದೆ.