ನಾಲ್ಕು ನಿಮಿಷದ ಜಾತಕ

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ತೊಂಬತ್ತರ ದಶಕದ ಆರಂಭದಲ್ಲಿ, ಅಗ್ಗದ ಬಿಡಿಭಾಗಗಳನ್ನು ಜೋಡಿಸಿದ ಕಂಪ್ಯೂಟರೊಂದನ್ನು ಚೆಂಬೂರಿನ ನಮ್ಮ ಮನೆಗೆ ತಂದಾಗ, ಕಾಲೊನಿಯ ಕನ್ನಡದವರಿಗೆ ಅದರಿಂದ ಆಗಬೇಕಾಗಿದ್ದ ಕೆಲಸ ಒಂದೇ: ಜಾತಕ ಹೊಂದಿಸುವುದು. ಅದಕ್ಕೊಂದು ಪ್ರೋಗ್ರಾಂ ಬರೆದೆ. ಹುಡುಗ ಹುಡುಗಿ ಹುಟ್ಟಿದ ದಿನ, ಹೊತ್ತು, ಊರು ಹಾಕಿದರೆ ಮೂವತ್ತಾರಕ್ಕೆ ಎಷ್ಟು ಗುಣ ಕೂಡುತ್ತದೆಂದು ಅದು ಹೇಳುತ್ತಿತ್ತು. ನಕ್ಷತ್ರ, ರಾಶಿ ತೋರಿಸಿದರೆ ಹಿರಿಯರು ವಾದಕ್ಕೆ ನಿಲ್ಲುತ್ತಾರೆಂದು ಪರದೆಯ ಮೇಲೆ ಬರೀ ಅಂಕ ಬರುವಂತೆ ಮಾಡಿದ್ದೆ. ಆ ಜಾಣತನವೇ ನನಗೆ ಮುಳುವಾಯಿತು.

ಒಂದು ಜೋಡಿಗೆ ನಾಲ್ಕು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಬಂದವರು ಕಾಫಿ ಕುಡಿಯುತ್ತ ನನ್ನ ಮದುವೆಯ ವಿಚಾರ ಕೆದಕುತ್ತಿದ್ದರು. ಬಿಡಿಭಾಗದ ಅಂಗಡಿಯವನ ಹತ್ತಿರ ಗೊಣಗಿದಾಗ ಅವನು ಹುಣಸೆಬೀಜದಷ್ಟು ದೊಡ್ಡ ತಗಡಿನ ಡಬ್ಬಿಯೊಂದನ್ನು ಅಂಗೈಗಿಟ್ಟ. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕೆಂದು ಗೊತ್ತುಮಾಡುವ ಕ್ರಿಸ್ಟಲ್ ಅದು. "ಸೋಲಾ ಕಾ ಬೀಸ್ ಚಲೇಗಾ, ಮೇಡಮ್. ಬಸ್, ಗರಮ್ ಮತ್ ಹೋನೇ ದೇನಾ," ಎಂದ. ಹದಿನಾರು ಮೆಗಾಹರ್ಟ್ಸಿನ ಪ್ರೊಸೆಸರನ್ನು ಇಪ್ಪತ್ತಕ್ಕೆ ಓಡಿಸುವ ಉಪಾಯ. ಹಳೆಯ ಕ್ರಿಸ್ಟಲ್ ಕಿತ್ತು ಹೊಸದನ್ನು ಕೂರಿಸಿದೆ. ನಾಲ್ಕು ನಿಮಿಷದ ಕೆಲಸ ಮೂರೂಕಾಲಕ್ಕೆ ಇಳಿಯಿತು. ಬಿಸಿಯಾಗಲು ಬಿಡಬೇಡ ಎಂದು ಅವನು ಹೇಳಿದ್ದನ್ನು ಮೇ ತಿಂಗಳ ಮುಂಬಯಿಯಲ್ಲಿ ಮರೆತೇಬಿಟ್ಟೆ.

ಆಗಲೇ ಅಕ್ಕನಿಗೆ ಆಂಟಾಪ್ ಹಿಲ್‌ನ ಧಾರವಾಡದವರ ಮನೆಯಿಂದ ಸಂಬಂಧ ಬಂತು. ಅಕ್ಕನಿಗೆ ಇಪ್ಪತ್ತೊಂಬತ್ತು. ಹಿಂದೆ ನೋಡಿಹೋದ ಹುಡುಗರ ಬಗ್ಗೆ ಅವಳು ಮಾತೇ ಆಡುತ್ತಿರಲಿಲ್ಲ; ಇವನು ಬಂದುಹೋದ ಮೇಲೆ ಮಾತ್ರ "ಅವ್ರು ನಗೋದು ಚೆನ್ನಾಗಿದೆ ಅಲ್ವಾ?" ಎಂದು ನನ್ನನ್ನು ಎರಡು ಸಲ ಕೇಳಿದ್ದಳು. ಒಂದು ಸುಡು ಮಧ್ಯಾಹ್ನ ಅಮ್ಮ ಇಬ್ಬರ ಜಾತಕವನ್ನೂ ನನ್ನ ಮುಂದಿಟ್ಟಳು. ಮೂರೂಕಾಲು ನಿಮಿಷಕ್ಕೆ ಪರದೆಯ ಮೇಲೆ ಹನ್ನೊಂದು ಎಂದು ಬಂತು. ಹದಿನೆಂಟಕ್ಕಿಂತ ಕಡಿಮೆಯಾದರೆ ಅಮ್ಮ ಒಪ್ಪುವವಳಲ್ಲ. ಅಕ್ಕ ಬಾಲ್ಕನಿಗೆ ಹೋಗಿ, ಇನ್ನೂ ಒಣಗದ ಬಟ್ಟೆಗಳನ್ನು ತೆಗೆಯತೊಡಗಿದಳು.

"ಬೇಡ ಅನ್ನೋದನ್ನ ತಡ ಮಾಡಬಾರದು. ಪಾಪ, ಅವ್ರು ಕಾಯ್ತಿರ್ತಾರೆ," ಎಂದು ಅಮ್ಮ ಹುಡುಗನ ಜಾತಕವನ್ನು ಲಕೋಟೆಗೆ ಹಾಕಿದಳು. ಜಾತಕ ವಾಪಸು ಕೊಟ್ಟರೆ ಸಂಬಂಧ ಮುರಿದ ಹಾಗೆಯೇ. ಮತ್ತೆ ಹೋಗಿ ಕೇಳುವಂತಿಲ್ಲ.

ಅಮ್ಮ ಬಸ್ಸಿಗೆ ಹೊರಟಳು. ಅಕ್ಕನ ಬೆನ್ನು ನೋಡಲಾಗದೆ ನಾನು ಪ್ರೋಗ್ರಾಂ ಇನ್ನೊಮ್ಮೆ ಓಡಿಸಿದೆ. ಇಪ್ಪತ್ತೆರಡು! ಅದೇ ಜಾತಕಗಳಿಗೆ ಬೇರೆ ಅಂಕ. ಅಡಗಿಸಿಟ್ಟಿದ್ದ ನಕ್ಷತ್ರವನ್ನು ಪರದೆಗೆ ತಂದೆ. ಅಕ್ಕ ಹುಟ್ಟಿದ್ದು ರೋಹಿಣಿಯಲ್ಲಿ. ವರ್ಷವರ್ಷವೂ ಹುಟ್ಟುಹಬ್ಬಕ್ಕೆ ಆ ನಕ್ಷತ್ರದ ದಿನ ನೋಡಿಯೇ ಅಮ್ಮ ಅವಳ ತಲೆಗೆ ಎಣ್ಣೆ ಇಡುತ್ತಿದ್ದಳು. ಪರದೆ ಆರ್ದ್ರಾ ಎನ್ನುತ್ತಿತ್ತು. ಯಂತ್ರ ನಿಂತಿರಲಿಲ್ಲ, ಸದ್ದು ಮಾಡಿರಲಿಲ್ಲ. ಕಾದ ಪ್ರೊಸೆಸರ್ ಸುಮ್ಮನೆ ತಪ್ಪು ಲೆಕ್ಕ ಮಾಡುತ್ತ ಕೂತಿತ್ತು. ಹಳೆಯ ಕ್ರಿಸ್ಟಲ್ ಮತ್ತೆ ಕೂರಿಸುವಾಗ ಅವಸರಕ್ಕೆ ಅದರ ಒಂದು ತಂತಿಯ ಕಾಲು ಸೊಟ್ಟಗಾಯಿತು. ನೆಟ್ಟಗೆ ಮಾಡಿ, ಕೂರಿಸಿ, ನಾಲ್ಕು ನಿಮಿಷ ಕಾದೆ. ರೋಹಿಣಿ. ಇಪ್ಪತ್ತೇಳು.

ಚಪ್ಪಲಿ ಸಿಕ್ಕಿಸಿಕೊಂಡು ಓಡಿದೆ. ಆಟೋ ಸಾಯನ್‌ವರೆಗೆ ಮಾತ್ರ, ಅಲ್ಲಿಂದ ಟ್ಯಾಕ್ಸಿ. ಕೆಂಪು ಬಸ್ಸು ಕಂಡಲ್ಲೆಲ್ಲ ಕಿಟಕಿಯಲ್ಲಿ ಅಮ್ಮನ ತಲೆ ಹುಡುಕಿದೆ. ಮುಕ್ಕಾಲು ನಿಮಿಷ ಉಳಿಸಲು ಹೋಗಿ ಅಕ್ಕನ ಬಾಳಿಗೇ ಕಲ್ಲು ಹಾಕಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಸಿಗ್ನಲ್ಲಿನಲ್ಲಿ ಟ್ಯಾಕ್ಸಿಯವನಿಗೂ ಬೈದೆ.

ಅವರ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದೇ ಇತ್ತು. ಅಮ್ಮನ ಕೈಯಲ್ಲಿ ಅವಲಕ್ಕಿ ತಟ್ಟೆ, ತೊಡೆಯ ಮೇಲೆ ಲಕೋಟೆ. ಹುಡುಗನ ತಾಯಿ "ಮೊದ್ಲ ತಿನ್ರಿ, ಮಾತು ಆಮ್ಯಾಲ ಇದ್ದದ್ದ," ಎನ್ನುತ್ತ ಎರಡನೇ ಸಲ ಬಡಿಸುತ್ತಿದ್ದರು. ಬಾಯಿ ತೆರೆಯಲು ಅವರು ಅಮ್ಮನಿಗೆ ಇನ್ನೂ ಬಿಟ್ಟಿರಲಿಲ್ಲ.

"ಲೆಕ್ಕ ತಪ್ಪಾಗಿತ್ತು ಅಮ್ಮ. ನಾನೇ ಮಷೀನಿಗೆ ಕೈ ಹಾಕಿ ಕೆಡಿಸಿದ್ದೆ. ಹನ್ನೊಂದಲ್ಲ, ಇಪ್ಪತ್ತೇಳು," ಎಂದು ಬಾಗಿಲಲ್ಲೇ ಒದರಿದೆ.

"ಏನಾತವಾ? ಮೊದ್ಲ ಕೂಡು, ನೀರು ಕುಡಿ," ಎಂದರು ಆಕೆ. ಅಮ್ಮ ಮೆಲ್ಲಗೆ ಲಕೋಟೆಯನ್ನು ಚೀಲದೊಳಗೆ ಸರಿಸಿದಳು. ನನಗೆ ಅಳು ಬಂತು.

ವಾಪಸು ಬರುವಾಗ ಆ ಕ್ರಿಸ್ಟಲ್ ಡಬ್ಬಿಯ ಕತೆಯನ್ನೆಲ್ಲ ಅಮ್ಮನಿಗೆ ಹೇಳಿದೆ. ಸಾಯನ್ ದಾಟಿದ ಮೇಲೆ ಅವಳು ಕೇಳಿದಳು: "ಆ ಡಬ್ಬಿ ಹಾಕಿದ್ಮೇಲೆ ಇನ್ಯಾರ್ಯಾರಿಗೆ ನೋಡ್ಕೊಟ್ಟಿದೀಯ?"

ಏಳು ಜೋಡಿಗಳು. ಎಲ್ಲವನ್ನೂ ಹಳೆಯ ವೇಗದಲ್ಲಿ ಮತ್ತೆ ನೋಡಿದೆ. ಆರು ಸರಿಯಿದ್ದವು. ಹಿಂದಿನ ಬಿಲ್ಡಿಂಗಿನ ಹುಡುಗಿಯೊಬ್ಬಳಿಗೆ ಹದಿನಾಲ್ಕು ಎಂದು ಹೇಳಿದ್ದೆ. ಈಗ ಮೂವತ್ತು ಬಂತು. ಅವರ ಮನೆಯವರು ಹುಡುಗನ ಜಾತಕ ವಾಪಸು ಕಳಿಸಿ ವಾರವಾಗಿತ್ತು.

ಹೇಳಲೇಬೇಕೆಂದು ಹೋದೆ. ಹುಡುಗಿಯೇ ಬಾಗಿಲು ತೆರೆದಳು. "ನಿಮ್ಮನೆಗೇ ಬರೋಳಿದ್ದೆ," ಎಂದು ನಗುತ್ತ ಒಳಗಿನಿಂದ ಇನ್ನೊಂದು ಜಾತಕ ತಂದುಕೊಟ್ಟಳು. "ಇದು ಹೊಸದು. ಜಲ್ದಿ ಏನಿಲ್ಲ, ನಿಧಾನಕ್ಕೆ ನೋಡಿ."

ಅಕ್ಕನಿಗಾಗಿ ಮೂರು ಮಹಡಿ ಓಡಿ ಹತ್ತಿ ಒದರಿದ್ದ ಮಾತು ಅಲ್ಲಿ ನನ್ನ ಬಾಯಿಂದ ಹೊರಡಲಿಲ್ಲ. "ಆಗಲಿ," ಎಂದು ಜಾತಕ ತೆಗೆದುಕೊಂಡು ಬಂದೆ. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ. ಅಕ್ಕನ ಮದುವೆ ಆ ವರ್ಷವೇ ಆಯಿತು. ಅಕ್ಷತೆ ಹಾಕುವಾಗ ಆ ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು; ನಾನು ಅವಳ ಮುಖ ನೋಡಲಿಲ್ಲ.