ಡೆಸ್ಮಂಡನ ಮೂರನೇ ಹಾಡು
ಲಂಡನ್ನಿನ ಕ್ರಾಯ್ಡನ್ನಿನಲ್ಲಿರುವ ಗ್ಲೆನಿಸಳ ಹಳೇ ಗ್ರಾಮಫೋನ್ ರೆಕಾರ್ಡು ಅಂಗಡಿಗೆ ಡೆಸ್ಮಂಡ್ ಬಂದನೆಂದರೆ ಉಪನ್ಯಾಸ ಶುರು. ಅರವತ್ತರ ದಶಕದ ತನ್ನ ಮೆಚ್ಚಿನ ಒಂದು ಬ್ಲೂಸ್ ರಾಕ್ ಆಲ್ಬಮ್ ಇಲ್ಲದಿದ್ದರೆ ಜಗತ್ತಿನಲ್ಲಿ ಗಿಟಾರೇ ಇರುತ್ತಿರಲಿಲ್ಲ ಎಂಬಂತೆ, ‘ನಿಮ್ಮ ಹೀರೋಗಳೆಲ್ಲ ಇದನ್ನೇ ಕದ್ದವರು ಕಣ್ರೋ!’ ಎಂದು ಗಿರಾಕಿಗಳನ್ನು ಗದರುತ್ತಾನೆ. ಗ್ಲೆನಿಸ್ ಅದರ ಎಂಥ ಚೊಕ್ಕ ಪ್ರತಿ ತಂದರೂ ಬೆಳಕಿಗೆ ಹಿಡಿದು, ಮೂಸಿ, ಹಾಕಿಸಿ ಕೇಳಿ, ಮೂರನೇ ಹಾಡಿಗೆ ಮುಖ ಸಿಂಡರಿಸಿ, ‘ಇದಲ್ಲ ಕಣಮ್ಮ’ ಎನ್ನುತ್ತಾನೆ. ‘ಇನ್ಯಾವ್ದಪ್ಪಾ, ಸ್ವರ್ಗದಿಂದ ತರಿಸ್ಲಾ?’ ಎನ್ನುತ್ತಾಳೆ ಅವಳು. ಆ ಹಾಡಿನ ಜೊತೆಗೆ ಗುನುಗುವಾಗಲೂ ಅವನು ಅದರಲ್ಲೊಂದು ಸಾಲನ್ನು ತಪ್ಪದೆ ನುಂಗುತ್ತಾನೆ. ‘ಪಂಡಿತರಿಗೆ ಹಾಡೇ ಪೂರ್ತಿ ಬರಲ್ಲ!’ ಎಂದು ಅವಳು ಒಮ್ಮೆ ಕುಟುಕಿದಾಗ ಡೆಸ್ಮಂಡ್ ಮೆಲ್ಲಗೆ ಹೇಳಿದ: ‘ನಮ್ಮಣ್ಣನ ರೆಕಾರ್ಡಲ್ಲಿ ಗೀರಿತ್ತು, ಮುಳ್ಳು ಅಲ್ಲೇ ಹಾರ್ತಿತ್ತು. ಅವನು ಸತ್ತ ವಾರವೇ ಅಮ್ಮ ಅದನ್ನ ಯಾರಿಗೋ ಕೊಟ್ಬಿಟ್ಳು.’ ಅಂದಿನಿಂದ ಗ್ಲೆನಿಸ್ ಗೀರುಬಿದ್ದ ಪ್ರತಿಗಳನ್ನೂ ಅವನಿಗೆಂದು ಎತ್ತಿಡುತ್ತಾಳೆ. ಬೆಲೆಯನ್ನು ಮಾತ್ರ ಇಳಿಸುವುದಿಲ್ಲ.