ಜಟ್ಟ ಹೆಕ್ಕುತ್ತಿದ್ದ ಕೊಟ್ಟೆ

ಜಟ್ಟ ಸತ್ತು ಎಂಟು ದಿನವಾದರೂ ಸಣ್ಣಿಗೆ ಒಂದು ಕಡೆ ಕೂರಲಾಗಲಿಲ್ಲ. ಸೂತಕ ಕಳೆಯಲು ಇನ್ನೂ ಮೂರು ದಿನ. ಅಲ್ಲಿಯವರೆಗೆ ಹೆಂಡತಿಯಾದವಳು ಅಂಗಳ ದಾಟುವ ಹಾಗಿಲ್ಲ. ಒಳಗೆ ಹೋಗುವಳು, ಜಗುಲಿಗೆ ಬರುವಳು, ಗಜನಿಯ ಕಡೆ ನೋಡುವಳು.

ಹಿರೇಗುತ್ತಿಯಲ್ಲಿ ಹೊಳೆಗೆ ತಾಗಿದ ಉಪ್ಪುನೆಲದ ಗದ್ದೆಗೆ ಗಜನಿ ಅನ್ನುತ್ತಾರೆ. ಅದರ ಒಡ್ಡಿಗೊಂದು ಹಲಗೆಯ ಬಾಗಿಲು. ಇಳಿತದಲ್ಲಿ ತೆರೆದು ಮಳೆನೀರನ್ನು ಹೊರಗೆ ಬಿಡುತ್ತದೆ, ಭರತದಲ್ಲಿ ಮುಚ್ಚಿಕೊಂಡು ಉಪ್ಪುನೀರನ್ನು ತಡೆಯುತ್ತದೆ. ಜಟ್ಟ ದಿನಾ ಇಳಿತದ ಹೊತ್ತಿಗೆ ಅಲ್ಲಿಗೆ ಹೋಗುತ್ತಿದ್ದ. ಏಡಿ ಹಿಡಿಯಲು ಎಂದು ಊರು ತಿಳಿದಿತ್ತು. "ಜಟ್ಟನ ಕಂಡ್ರೆ ಏಡಿಗಳೇ ಮಾತಾಡ್ಸಿ ಕಳಸ್ತವೆ" ಎಂದು ಅವನ ಬರಿಗೈ ನೋಡಿ ನಗುತ್ತಿದ್ದರು. ಅವನು ಹೆಕ್ಕುತ್ತಿದ್ದುದು ಹಲಗೆಯಡಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಕೊಟ್ಟೆ, ಅಂದರೆ ಚೀಲ. ಮೊದಲು ಅಷ್ಟು ಬರುತ್ತಿರಲಿಲ್ಲ. 2003ರ ಹೊತ್ತಿಗೆ ಮೀನಿಗೂ ಕೊಟ್ಟೆ, ಮೆಣಸಿಗೂ ಕೊಟ್ಟೆ. ಸಣ್ಣಿಗೆ ಮಾತ್ರ ಗೊತ್ತಿತ್ತು. "ಊರ ಕಸ ಹೆಕ್ಕೂಕೆ ಪಂಚಾಯ್ತಿ ಪಗಾರ ಕೊಡ್ತದ್ಯಾ?" ಎಂದು ಬೈದಿದ್ದಳು. ಅವನು ಮರುದಿನವೂ ಇಳಿತಕ್ಕೆ ಹೊರಟಿದ್ದ.

ಅಂದು ಬೆಳಿಗ್ಗೆ ಪಕ್ಕದ ಮನೆಯ ಬೀರ ಬೇಲಿಯಾಚೆ ನಿಂತು ಕೂಗಿದ. ಅವನು ಕಗ್ಗ ಭತ್ತದ ಮೊಳಕೆ ಬಿತ್ತಿ ಐದು ದಿನವಾಗಿತ್ತು. ಬೆಳೆದ ಕಗ್ಗ ಉಪ್ಪು ತಾಳುತ್ತದೆ, ಎಳೆ ಮೊಳಕೆ ತಾಳುವುದಿಲ್ಲ.

"ಅತ್ತಿಗೆ, ಒಡ್ಡಿನ ಬಾಗಿಲು ಮುಚ್ಚೂದಿಲ್ಲ. ನಿನ್ನೆ ಉಪ್ಪುನೀರು ಒಳಗೆ ಬಂತು. ಇವತ್ತು ಅಮಾಸೆ ಭರತ. ಬಿತ್ತಿದ್ದೆಲ್ಲ ಹೋತದೆ. ಹಲಗೆ ಸೊಟ್ಟಾಗ್ಯದೆ, ಕುಮಟೆಯಿಂದ ಆಚಾರಿ ಕರಸ್ಬೇಕು."

"ಆಚಾರಿ ಎಂತಕೆ? ಹಲಗೆ ಅಡಿಗೆ ಕೈ ಹಾಕಿ ನೋಡಿದ್ಯಾ?"

"ಅಡಿಗೆ ಎಂತದೆ?"

ಸಣ್ಣಿ ಸೀರೆ ಎತ್ತಿ ಕಟ್ಟಿ ಅಂಗಳ ದಾಟಿದಳು.

"ಅಯ್ಯೋ ಅತ್ತಿಗೆ! ಸೂತಕದಲ್ಲಿ ಬಿತ್ತಿದ ಗದ್ದೆಗೆ ಕಾಲಿಡಬಾರ್ದು!"

"ಒಡ್ಡಿನ ಮೇಲೆ ಹೋಗ್ತೆ. ಉಪ್ಪುನೀರು ಸೂತಕ ಕೇಳ್ಕಂಡು ಬತ್ತದ್ಯಾ?"

ಬಾಗಿಲ ಬುಡದಲ್ಲಿ ನೀರು ಸೊಂಟಕ್ಕಿತ್ತು. ಕೈ ಹಾಕಿದಳು. ಜಾರುವ ಮುದ್ದೆ ಸಿಕ್ಕಿತು. ಎಳೆದು ಬಿಡಿಸಿದಳು. ಬಿಡಿಸುತ್ತ ಕೈ ನಿಂತಿತು. ಗುಲಾಬಿ ಕೊಟ್ಟೆ, ಹೆಬಳೆಯ ನೆಂಟರು ಬಾಳೆಹಣ್ಣು ತಂದದ್ದು. ನೀಲಿ ಗೆರೆಯದ್ದು, ತಂಗಿ ಸಕ್ಕರೆ ತಂದದ್ದು. ಸೊಸೆ ಮಾಲಿನಿ ಖಾಲಿ ಮಾಡಿ, ಗಜನಿಗೆ ಹರಿಯುವ ಹಿತ್ತಲ ಹಳ್ಳಕ್ಕೆ ಎಸೆದಿದ್ದಳು. ಸಣ್ಣಿಯ ಎದುರೇ ಎಸೆದಿದ್ದಳು. ಸಣ್ಣಿ ಬೇಡ ಅಂದಿರಲಿಲ್ಲ. ಎಲ್ಲವೂ ಜಟ್ಟನ ಸಾವಿಗೆ ಬಂದ ಕೊಟ್ಟೆಗಳು.

ಮಧ್ಯಾಹ್ನ ಭರತ ಬಂತು, ಬಾಗಿಲು ಮುಚ್ಚಿತು. ತಗ್ಗಿನ ಮೂಲೆಯ ಮೊಳಕೆ ನಿನ್ನೆಯ ಉಪ್ಪಿಗೆ ಮೊದಲೇ ಸುಟ್ಟುಹೋಗಿತ್ತು. ಉಳಿದದ್ದು ಉಳಿಯಿತು.

"ಹಾಂಗಾರೆ ಜಟ್ಟಣ್ಣ ಏಡಿ ಹಿಡೀತಿರ್ಲಿಲ್ವಾ?" ಬೀರ ಕೇಳಿದ.

"ಇಲ್ಲ."

ಸಂಜೆ ಕುಮಟೆಯಿಂದ ಚಿಕ್ಕಮ್ಮನ ಮಗಳು ತಿಮ್ಮಿ ದುಃಖ ಕೇಳಲು ಬಂದಳು. ಕೊಟ್ಟೆಯಲ್ಲಿ ಸಕ್ಕರೆ, ಚಾಪುಡಿ. ಸಣ್ಣಿ ಅವನ್ನು ಡಬ್ಬಿಗೆ ಹಾಕಿಕೊಂಡು ಖಾಲಿ ಕೊಟ್ಟೆಯನ್ನು ಅವಳ ಕೈಗೇ ಕೊಟ್ಟಳು. ತಿಮ್ಮಿ ಹೌಹಾರಿದಳು.

"ಸತ್ತಮನೆಯಿಂದ ಎಂತನ್ನೂ ಹೊತ್ಕಂಡು ಹೋಗಬಾರ್ದು ಅಕ್ಕಾ!"

"ನೀ ತಂದದ್ದೇ ಅಲ್ದಾ? ಇಲ್ಲಿದ್ರೆ ಹಳ್ಳಕ್ಕೆ ಹೋತದೆ."

"ಜನ ಎಂತ ಹೇಳೂದಿಲ್ಲ?"

"ಸಣ್ಣಿಗೆ ತಲೆ ಕೆಟ್ಟದೆ ಅಂತ ಹೇಳು. ಆತು, ನಡೆ."

ತಿಮ್ಮಿ ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಟಳು. ದಾರಿಯಲ್ಲಿ ಎಸೆದಾಳೆಂದು ಸಣ್ಣಿ ಹೆದ್ದಾರಿಯವರೆಗೂ ಹಿಂದೆಯೇ ಹೋದಳು. ಬಸ್ಸು ಹೊರಟ ಮೇಲೂ ನಿಂತೇ ಇದ್ದಳು, ಕಿಟಕಿಯಿಂದ ಏನಾದರೂ ಬೀಳುತ್ತದೋ ಎಂದು ನೋಡುತ್ತ.